ನಮ್ಮ ಭಾಗದ ಪೇಟೆಯಲ್ಲಿ ಸಿಗುವ ವಿಭೂತಿ: ಯಾವುದು ಬೂದಿ, ಯಾವುದು ಬರೀ ಬಿಳಿ ಪುಡಿ

ಕೊಪ್ಪಳ, ಗಂಗಾವತಿ, ಬಳ್ಳಾರಿ, ರಾಯಚೂರು, ಎಲ್ಲಿಯದೇ ಪೂಜಾ ಸಾಮಾನಿನ ಅಂಗಡಿಗೆ ಹೋಗಿ "ಈಬತ್ತಿ ಕೊಡ್ರಿ" ಎಂದರೆ ಮೊದಲು ಮುಂದೆ ಬರುವುದು ಹಾಲಿನಷ್ಟು ಬೆಳ್ಳಗಿನ ಚೌಕ ಗಟ್ಟಿ. ಅಚ್ಚಿನಲ್ಲಿ ಒತ್ತಿದ್ದು, ನಾಲ್ಕೂ ಮೂಲೆ ಚೂಪು, ಹತ್ತಿಪ್ಪತ್ತು ರೂಪಾಯಿ. ಅದರ ಪಕ್ಕದಲ್ಲಿ ಪರಿಮಳದ ಪುಡಿಯ ಪೊಟ್ಟಣ. ಇನ್ನೊಂದಿಷ್ಟು ಕೇಳಿದರೆ ಒಳಗಿನ ಡಬ್ಬಿಯಿಂದ ಮಠದ ಕಡೆಯ ಗಟ್ಟಿ. ಅಪರೂಪಕ್ಕೆ, ಅದೂ ಹಳ್ಳಿಯವರೇ ಕೂತು ಮಾರುವ ಜಾತ್ರೆಗಳಲ್ಲಿ, ಬೂದುಬಣ್ಣದ ಕೈಉಂಡೆ. ಈ ನಾಲ್ಕನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ, ಆದರೆ ಇವು ಒಂದೇ ವಸ್ತುವಲ್ಲ. ಹಣೆಗೆ ಹಚ್ಚುವುದು ಏನು ಎಂದು ಗೊತ್ತಿರಬೇಕು ಎನ್ನುವವರಿಗಾಗಿ ಈ ಪರೀಕ್ಷೆ.

ಬೇರೆ ಊರಿನವರಿಗಿಂತ ನಮ್ಮ ಭಾಗದವರಿಗೆ ಇದರ ಗರಜು ಹೆಚ್ಚು. ನಿಜವಾದ ವಿಭೂತಿ ಸುಟ್ಟ ಸಗಣಿಯ ಬೂದಿ, ಸಗಣಿ ಸುಡುವ ಕೆಲಸ ನಮ್ಮಲ್ಲಿ ಬಹಳ ಹಳೆಯದು. ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಕುಡತಿನಿ ಸಿಗುತ್ತದೆ. ಅಲ್ಲಿನ ಬೂದಿದಿಬ್ಬ ಬರಿಗಣ್ಣಿಗೆ ಸಾಮಾನ್ಯ ಮಣ್ಣಿನ ಗುಡ್ಡೆ. ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಪದರ ಪದರವಾಗಿ ಬೂದಿ, ನಡುನಡುವೆ ಕರಗಿ ಹೆಪ್ಪುಗಟ್ಟಿದ ಗಾಜಿನಂಥ ಕಿಟ್ಟ. ಆ ಕಿಟ್ಟದ ತುಂಬ ಗುಳ್ಳೆಯ ತೂತು, ನೊರೆ ಹಾಗೇ ಕಲ್ಲಾದಂತೆ. ಇಂಥವು ರಾಕ್ಷಸರ ಎಲುಬಿನ ಬೂದಿ ಎಂದು ಜನ ಹೇಳುತ್ತಿದ್ದರು. ಹಂಪಿ ಬಳಿಯ ನಿಂಬಾಪುರದ ಬೂದಿರಾಶಿಯನ್ನಂತೂ ವಾಲಿಯನ್ನು ಸುಟ್ಟ ಜಾಗ ಎಂದೇ ನಂಬುತ್ತಾರೆ. ಇದು ಸುಟ್ಟ ಸಗಣಿ, ದನ ಸಾಕಿದ ನವಶಿಲಾಯುಗದ ಜನ ಸುಟ್ಟದ್ದು ಎಂದು ಹತ್ತೊಂಬತ್ತನೇ ಶತಮಾನದಲ್ಲೇ ವಾದಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿಯ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಅವನದೇ ಹೆಸರು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದಾಗ ಬೂದಿಯ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಮಾದರಿಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದ ಮೇಲೆ ಸಗಣಿಯ ಬಗ್ಗೆ ಅನುಮಾನ ಉಳಿಯಲಿಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಬೂದಿ ಅದು.

ಯಾಕೆ ಸುಟ್ಟರು ಎಂಬುದರ ಬಗ್ಗೆ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ರೋಗ, ಉಣ್ಣಿ, ನೊಣ ಕಳೆಯಲು ದೊಡ್ಡಿ ಸುಟ್ಟರು ಎನ್ನುವವರಿದ್ದಾರೆ, ವರ್ಷದ ಗೊತ್ತಾದ ದಿನ ಹಬ್ಬದ ಬೆಂಕಿ ಹಾಕಿದರು ಎನ್ನುವವರೂ ಇದ್ದಾರೆ. ಇವೆರಡನ್ನು ಬೇರೆ ಮಾಡುವುದೇ ನಮ್ಮ ಕಾಲದ ಅಭ್ಯಾಸ ಎಂದು ನಮಗೆ ಅನ್ನಿಸುತ್ತದೆ. ದೀಪಾವಳಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂ ಮುಡಿಸಿ, ದನದಮನಿ ಬಾಗಿಲಲ್ಲಿ ಕೂಡಿಸುವ ಹೆಣ್ಣುಮಗಳನ್ನು "ಇದು ದನದ ಕೆಲಸವೋ ದೇವರ ಕೆಲಸವೋ" ಎಂದು ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ. ಧರ್ಮ ಹುಟ್ಟಿದ್ದು ಹೀಗೆ ಎಂದು ನಮಗೆ ತೋರುತ್ತದೆ, ಬದುಕಿಗೆ ಆಧಾರವಾದ ದನ, ಅದರ ಸಗಣಿ, ಕೈಯಲ್ಲಿ ಹಿಡಿಯಲಾಗದ ಬೆಂಕಿ, ಇವುಗಳ ಜೊತೆಗಿನ ಎಚ್ಚರದ ನಡವಳಿಕೆಯಿಂದ. ತತ್ತ್ವ ಆಮೇಲೆ ಬಂದಿರಬೇಕು. ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪ್ಪಗಲ್ಲಿನ ಬಂಡೆಗಳ ಮೇಲೆ ಆ ಜನ ಕೊರೆದ ಚಿತ್ರಗಳಲ್ಲಿ ಉದ್ದ ಕೊಂಬಿನ ದನಗಳೇ ದನಗಳು. ಅಲ್ಲೇ ಬಡಿದರೆ ಗಂಟೆಯಂತೆ ನಾದ ಬರುವ ಕಲ್ಲುಗಳೂ ಇವೆ, ಬಡಿದು ಬಡಿದು ಸವೆದ ಗುಳಿಗಳ ಸಮೇತ. ದನ, ಬೆಂಕಿ, ನಾದ, ಬೂದಿ, ಇಷ್ಟೂ ಇಲ್ಲಿ ಅಕ್ಷರ ಬರುವುದಕ್ಕೆ ಎಷ್ಟೋ ಮೊದಲೇ ಇದ್ದವು.

ಅಂದಿನ ದಿಬ್ಬದಿಂದ ಇಂದಿನ ಹಣೆಯವರೆಗೆ ನೇರ ಗೆರೆ ಎಳೆಯಲು ಪುರಾವೆ ಇಲ್ಲ, ಎಳೆಯುವುದೂ ತಪ್ಪು. ಆದರೆ ಕೈಕೆಲಸ ಒಂದೇ. ದನದ ಸಗಣಿ ಒಣಗಿಸು, ಸುಡು, ಉಳಿದದ್ದನ್ನು ಇಟ್ಟುಕೋ. ವೀರಶೈವ-ಲಿಂಗಾಯತರ ಅಷ್ಟಾವರಣದಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟು ಆವರಣಗಳಲ್ಲಿ, ವಿಭೂತಿಯೂ ಒಂದು. ಶಾಸ್ತ್ರಗ್ರಂಥಗಳು ಇದರ ತಯಾರಿಯನ್ನು ನಾಲ್ಕು ದರ್ಜೆಯಾಗಿ ಹೇಳುತ್ತವೆ. ವಿಧಿಪೂರ್ವಕ ಸಗಣಿ ಹಿಡಿದು ಮಾಡಿದ್ದು ಕಲ್ಪ. ಅಡವಿಯಲ್ಲಿ ಒಣಗಿದ್ದನ್ನು ಆರಿಸಿ ತಂದು ಮಾಡಿದ್ದು ಅನುಕಲ್ಪ. ಅಂಗಡಿಯಿಂದ ತಂದದ್ದನ್ನು ಬಟ್ಟೆಯಲ್ಲಿ ಶೋಧಿಸಿ, ಗೋಮೂತ್ರದಲ್ಲಿ ಕಟ್ಟಿ, ಮತ್ತೆ ಸುಟ್ಟದ್ದು ಉಪಕಲ್ಪ. ಈ ಯಾವುದೂ ಇಲ್ಲದ್ದು ಅಕಲ್ಪ. ಅಂದರೆ ಅಂಗಡಿಯ ವಿಭೂತಿ ಹೊಸ ಪಿಡುಗಲ್ಲ, ಆ ಕಾಲಕ್ಕೂ ಇತ್ತು. ಅದನ್ನು ತಿರಸ್ಕರಿಸದೆ, ಶೋಧಿಸಿ ಸುಟ್ಟು ಬಳಸಿ ಎಂದು ದಾರಿಯನ್ನೂ ತೋರಿಸಿದ್ದಾರೆ. ಇದು ನಮಗೆ ಬಹಳ ಹಿಡಿಸಿದ ಮಾತು.

ಈಗ ತಯಾರಿ. ಇದು ಗೊತ್ತಿಲ್ಲದೆ ಬೆಲೆಯ ಲೆಕ್ಕ ತಿಳಿಯುವುದಿಲ್ಲ.

ಜವಾರಿ ಆಕಳಿನ ಸಗಣಿ, ನೆಲದ ಮರಳು ಹತ್ತದಂತೆ ಎತ್ತಿದ್ದು ಬೇಕು. ಕೆಮ್ಮಣ್ಣಿನ ಅಂಗಳದಲ್ಲಿ ಬಾಚಿ ತಂದರೆ ಬೂದಿ ಕೆಂಚಗೆ ಬರುತ್ತದೆ, ಎಷ್ಟು ತೊಳೆದರೂ ಆ ಬಣ್ಣ ಹೋಗದು. ಬೆರಳು ದಪ್ಪದ ತೆಳು ಕುಳ್ಳು ತಟ್ಟಿ ಬೇಸಿಗೆಯಲ್ಲಾದರೆ ಒಂದು ವಾರ ಒಣಗಿಸಬೇಕು. ಮುರಿದಾಗ ಪಟ್ಟನೆ ಮುರಿಯಬೇಕು. ಬಾಗಿದರೆ ಒಳಗೆ ಹಸಿ ಇದೆ, ಅದು ಹೊಗೆಯಾಡಿ ಕರಿ ಉಳಿಯುತ್ತದೆ. ಕೆಳಗೆ ಭತ್ತದ ಹೊಟ್ಟು, ಮೇಲೆ ಕುಳ್ಳಿನ ಗೂಡು, ಮತ್ತೆ ಹೊಟ್ಟಿನ ಹೊದಿಕೆ. ಒಂದು ಕಡೆ ಕಿಡಿ ಕೊಟ್ಟು ಬಿಟ್ಟರೆ ಒಂದೆರಡು ದಿನ ತಾನೇ ಕನಲಿ ಉರಿಯುತ್ತದೆ. ನಡುವೆ ಕೆದಕಬಾರದು. ಬೇಗ ಆರಲಿ ಎಂದು ನೀರಂತೂ ಚಿಮುಕಿಸಲೇಬಾರದು. ನೀರು ಬಿದ್ದ ಕಡೆ ಅರೆಬೆಂದದ್ದು ಹಾಗೇ ಕರಿ ಹೆಪ್ಪಾಗಿ ನಿಲ್ಲುತ್ತದೆ.

ಗಾಳಿ ಕಡಿಮೆಯಾದರೆ ಇದ್ದಿಲು ಉಳಿದು ಬೂದಿ ಕಪ್ಪಾಗುತ್ತದೆ. ತಿದಿ ಹಾಕಿದಂತೆ ಗಾಳಿ ಬಡಿದು ಕಾವು ಮಿತಿ ಮೀರಿದರೆ ಇನ್ನೊಂದು ತಾಪತ್ರಯ. ಸಗಣಿಯಲ್ಲಿನ ಪೊಟ್ಯಾಶ್ ಮತ್ತು ಸಿಲಿಕಾ ಕೂಡಿ ಕರಗಿ, ಸಾಸಿವೆ ಕಾಳಿನಷ್ಟು ಗಾಜಿನ ಹರಳುಗಳಾಗುತ್ತವೆ. ಕುಡತಿನಿಯ ಕಿಟ್ಟ ಆಗಿದ್ದೂ ಹೀಗೇ, ಅಲ್ಲಿ ರಾಶಿಯೇ ಗುಡ್ಡದಷ್ಟಿತ್ತು. ಈ ಹರಳು ಜರಡಿಯಲ್ಲಿ ತಪ್ಪಿಸಿಕೊಂಡರೆ ಹಣೆ ಗೀರುತ್ತದೆ.

ಆರಿದ ಬೂದಿಯನ್ನು ಮೊದಲು ಜರಡಿ, ಆಮೇಲೆ ತೆಳು ಬಟ್ಟೆಯಲ್ಲಿ ಶೋಧಿಸಿ, ಕಿಲೋ ಬೂದಿಗೆ ಎಂಟು-ಹತ್ತು ಲೀಟರ್ ನೀರಿನಲ್ಲಿ ಕದಡುತ್ತಾರೆ. ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಬೇಕು. ಬೆಳಗ್ಗೆ ಮೇಲೆ ನಿಂತ ತಿಳಿನೀರು ನಸುಹಳದಿ, ಬೆರಳಿಗೆ ಸೋಪಿನಂತೆ ಜಾರುತ್ತದೆ. ಅದೇ ಕ್ಷಾರ. ಹಿಂದೆ ಈ ನೀರಲ್ಲೇ ಬಟ್ಟೆ ಒಗೆಯುತ್ತಿದ್ದರು. ನೀರು ಜಾರುವುದು ನಿಲ್ಲುವವರೆಗೆ, ಮೂರು-ನಾಲ್ಕು ಸಲ, ಚೆಲ್ಲಿ ಹೊಸ ನೀರು ಹಾಕಬೇಕು. ಹೆಚ್ಚಿನವರು ಕೈಬಿಡುವುದು ಈ ಹಂತವನ್ನು. "ಒರಿಜಿನಲ್ ಹಚ್ಚಿದರೆ ಹಣೆ ಉರಿತದ್ರಿ" ಎಂಬ ದೂರಿಗೆ ಕಾರಣ ಬೂದಿಯಲ್ಲ, ತೊಳೆಯದ ಬೂದಿ.

ಕೂತ ಗಸಿಯನ್ನು ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಒಣಗಿಸಿ, ಮತ್ತೆ ಸುಡುತ್ತಾರೆ. ಮೊದಲ ಸುಡುವಿಕೆಯಲ್ಲಿ ಬೂದುಬಣ್ಣ ಇದ್ದದ್ದು ಈಗ ಉಳಿದ ಇದ್ದಿಲು ಉರಿದು ಬೆಳ್ಳಗಾಗುತ್ತದೆ. ಒಡೆದು ನೋಡಿದರೆ ಒಳಗಿನವರೆಗೂ ಒಂದೇ ಬಣ್ಣ ಇರಬೇಕು, ನಡುವೆ ಬೂದು ಬೊಟ್ಟು ಉಳಿದಿದ್ದರೆ ಬೆಂಕಿ ಸಾಲಲಿಲ್ಲ. ಮತ್ತೆ ನೀರಲ್ಲಿ ಕಲಸಿ, ಗಟ್ಟಿ ಕಟ್ಟಿ, ನೆರಳಲ್ಲಿ ಮೂರರಿಂದ ಐದು ದಿನ. ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ ಸೀಳುತ್ತದೆ.

ಲೆಕ್ಕ ಹಾಕಿ. ಹಸಿ ಸಗಣಿಯಲ್ಲಿ ನೂರಕ್ಕೆ ಹತ್ತಿರ ಹತ್ತಿರ 80 ಭಾಗ ನೀರೇ. 10 ಕಿಲೋ ಹಸಿ ಸಗಣಿಗೆ 2 ಕಿಲೋ ಕುಳ್ಳು. ಸುಟ್ಟರೆ 300–400 ಗ್ರಾಂ ಬೂದಿ. ಶೋಧಿಸಿ ತೊಳೆದ ಮೇಲೆ ಕೈಯಲ್ಲಿ ಉಳಿಯುವುದು 200–300 ಗ್ರಾಂ. ಒಂದು ಜವಾರಿ ಆಕಳ ಒಂದು ದಿನದ ಸಗಣಿಗೆ 50 ಗ್ರಾಮಿನ ನಾಲ್ಕರಿಂದ ಆರು ಗಟ್ಟಿ, ಅದರ ಹಿಂದೆ ಎರಡು-ಮೂರು ವಾರದ ದುಡಿಮೆ, ಎರಡು ಸಲದ ಉರುವಲು. ಇಷ್ಟಾಗಿ ದಪ್ಪನೆಯ ಗಟ್ಟಿಯೊಂದು ಹತ್ತು ರೂಪಾಯಿಗೆ ಸಿಗುತ್ತದೆ ಎಂದರೆ ಅದು ಬೇರೇನೋ.

ಏನು ಎಂಬುದನ್ನು ಮನೆಯಲ್ಲೇ ತಿಳಿಯಬಹುದು. ನಿಂಬೆಹಣ್ಣು, ಒಂದು ಬಟ್ಟಲು ನೀರು, ಚಿಟಿಕೆ ಅರಿಶಿನ ಸಾಕು.

ಗಟ್ಟಿಯ ಮೇಲೆ ಒಂದು ಹನಿ ನಿಂಬೆರಸ ಬಿಡಿ. ಚಾಕಿನ ಪುಡಿ ಅಥವಾ ಸುಣ್ಣಕಲ್ಲಿನ ಪುಡಿಯ ಗಟ್ಟಿಯಾದರೆ ಸುಯ್ ಎಂದು ನೊರೆ ಏಳುತ್ತದೆ, ಕಿವಿಗೆ ಹಿಡಿದರೆ ಸದ್ದೂ ಕೇಳುತ್ತದೆ. ರಂಗೋಲಿ ಪುಡಿಗೆ ಬಳಸುವ ಡೋಲೊಮೈಟ್ ಆದರೆ ನೊರೆ ನಿಧಾನ, ಆದರೆ ಬಿಡದೆ ಬರುತ್ತದೆ. ತೊಳೆದು ಎರಡು ಸಲ ಸುಟ್ಟ ಸಗಣಿಬೂದಿ ಹನಿಯನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ, ಅಂಚಿನಲ್ಲಿ ನಾಲ್ಕಾರು ಸಣ್ಣ ಗುಳ್ಳೆ ಕಂಡರೆ ಕಾಣಬಹುದು. ಬೂದಿಯಲ್ಲಿ ಸ್ವಲ್ಪ ಸುಣ್ಣದಂಶ ಸಹಜವಾಗಿ ಇರುತ್ತದೆ, ಆ ನಾಲ್ಕು ಗುಳ್ಳೆಗೆ ಹೆದರಬೇಕಿಲ್ಲ. ಬಹುಪಾಲು ಸಿಲಿಕಾ ಆದ್ದರಿಂದ ಮಿಕ್ಕದ್ದು ಅಲುಗುವುದಿಲ್ಲ.

ನೊರೆ ಬರಲಿಲ್ಲ ಎಂದ ಮಾತ್ರಕ್ಕೆ ಪಾಸಾಗಲಿಲ್ಲ. ಜಿಪ್ಸಮ್ಮಿಗೂ ಬಿಳಿ ಜೇಡಿಗೂ ನೊರೆ ಬರುವುದಿಲ್ಲ. ಅದಕ್ಕೆ ನೀರು. ಹುಣಸೆಬೀಜದಷ್ಟು ಚೂರನ್ನು ಬಟ್ಟಲಿಗೆ ಹಾಕಿ ಐದು ನಿಮಿಷ ಬಿಡಿ. ಬೂದಿಯ ಚೂರು ಗಾಳಿಗುಳ್ಳೆ ಬಿಡುತ್ತಾ ತಾನೇ ಕುಸಿದು ನುಣ್ಣನೆ ಗಸಿಯಾಗುತ್ತದೆ. ಜಿಪ್ಸಮ್ ಕಾಯಿಸಿ ಮಾಡುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿದ್ದು ಮರುದಿನವೂ ಅಂಚು ಮಾಸದೆ ಕೂತಿರುತ್ತದೆ. ಜೇಡಿಯಾದರೆ ಬೆರಳಿಗೆ ಹಿಟ್ಟಿನಂತೆ ಅಂಟುತ್ತದೆ.

ಮೂರನೆಯದು ಅರಿಶಿನ. ಒದ್ದೆ ವಿಭೂತಿಗೆ ಚಿಟಿಕೆ ಅರಿಶಿನ ಕಲಸಿದಾಗ ಓಕುಳಿಯಂತೆ ಕೆಂಪಾದರೆ ಕ್ಷಾರ ಹೆಚ್ಚಿದೆ. ತೊಳೆಯದ ಬೂದಿ ಇರಬಹುದು, ಅರಳಿದ ಸುಣ್ಣ ಬೆರೆಸಿದ್ದೂ ಇರಬಹುದು. ಎರಡೂ ಹಣೆಗೆ ಸಲ್ಲದು. ಎಳೆಮಕ್ಕಳ ಹಣೆಗೆ, ಕಣ್ಣಿನ ಹತ್ತಿರಕ್ಕೆ ಖಂಡಿತ ಬೇಡ. ಮೂರು ಪರೀಕ್ಷೆಯಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನೇ ಮಾಡಿ, ಉಳಿದವು ಮೋಸ ಹಿಡಿಯುತ್ತವೆ, ಇದು ಚರ್ಮ ಉಳಿಸುತ್ತದೆ.

ಇನ್ನು ಒಂದೊಂದರ ಬಗ್ಗೆ.

ಹಾಲುಬಿಳಿ ಅಚ್ಚುಗಟ್ಟಿ: ಕೈಗೆ ಭಾರ, ನೆಲಕ್ಕೆ ಬಿದ್ದರೂ ಒಡೆಯದು, ಗೆರೆ ದೂರಕ್ಕೆ ಎದ್ದು ಕಾಣುತ್ತದೆ. ಗಟ್ಟಿತನವನ್ನು ಜನ ಗುಣ ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ತೊಳೆದ ಬೂದಿಗೆ ತಾನಾಗಿ ಅಂಟುವ ಶಕ್ತಿ ಕಡಿಮೆ, ಬೆರಳು ಸವರಿದರೆ ಪುಡಿ ಉದುರಲೇಬೇಕು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಬೆವರಿದ ಹಣೆಯ ಮೇಲೆ ಇಂಥ ಗಟ್ಟಿಯ ಗೆರೆ ಹಕ್ಕಳೆಯಾಗಿ ಏಳುತ್ತದೆ, ಅಡಿಯ ಚರ್ಮ ಬಿಗಿಯುತ್ತದೆ. ತಿಳಿದೂ ತಿಳಿದೂ ಇದನ್ನು ವಿಭೂತಿ ಎಂದು ಮಾರಬಾರದು. ಸುಣ್ಣದಕಲ್ಲು ಕೆಟ್ಟ ವಸ್ತುವೇನಲ್ಲ, ರಂಗೋಲಿಗೆ ಅದು ಬೇಕು. ಆದರೆ ವಿಭೂತಿ ಎಂದರೆ ಸುಟ್ಟು ಉಳಿದ ಬೂದಿ. ಇನ್ನು ಸುಡಲು ಏನೂ ಇಲ್ಲ ಎನ್ನುವ ಹಂತ ಮುಟ್ಟಿದ ವಸ್ತುವನ್ನು, ಒಂದು ದಿನ ತಾನೂ ಅಲ್ಲಿಗೇ ಬರುವ ಮೈಗೆ ಹಚ್ಚಿಕೊಳ್ಳುವುದು ಆ ಆಚರಣೆಯ ತಿರುಳು. ಬೆಂಕಿಯನ್ನೇ ಕಾಣದ ಕಲ್ಲಿನ ಪುಡಿಗೆ ಆ ಮಾತು ಹೇಳುವ ಯೋಗ್ಯತೆ ಇಲ್ಲ. ಕೊಳ್ಳಬೇಡಿ.

ಪರಿಮಳದ ಪುಡಿ: ಸುಗಂಧದ ಎಣ್ಣೆಯಿಂದ ಕೆಲವರ ಚರ್ಮಕ್ಕೆ ತುರಿಕೆ, ಕಪ್ಪು ಕಲೆ ಬರುತ್ತದೆ. ಪುಡಿಯ ಮೂಲ ಯಾವುದು ಎಂದು ಪೊಟ್ಟಣದ ಮೇಲೆ ಬರೆದಿರುವುದು ಕಡಿಮೆ. ಬಿಟ್ಟರೆ ನಷ್ಟವಿಲ್ಲ.

ಮಠದ ಕಡೆಯ ಗಟ್ಟಿ: ಸ್ವಂತ ಗೋಶಾಲೆ ಇದ್ದು, ಸುಡುವ ಜಾಗವನ್ನು ಕೇಳಿದವರಿಗೆ ತೋರಿಸುವ ಕಡೆಯಿಂದ ಬಂದದ್ದಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರದ ವಿಭೂತಿಗೆ ಹೆಸರಿರುವುದು ಗೋಶಾಲೆ ಮತ್ತು ಶಾಸ್ತ್ರೋಕ್ತ ತಯಾರಿ ಎರಡೂ ಒಂದೇ ಅಂಗಳದಲ್ಲಿ ಇರುವುದರಿಂದ. ಕೊಪ್ಪಳ ಕಡೆಯಿಂದ ಹೋಗಿಬರುವವರ ಕೈಯಲ್ಲಿ ತರಿಸಿಕೊಳ್ಳುವುದು ಕಷ್ಟವಲ್ಲ. ಇಂಥ ಗಟ್ಟಿ ಹಗುರ, ಬಣ್ಣ ಅಚ್ಚಬಿಳಿಗಿಂತ ಒಂದು ಛಾಯೆ ಕೆಳಗೆ, ಬೆಳಕಿಗೆ ಹಿಡಿದರೆ ಹೊಳಪಿಲ್ಲ. ಒದ್ದೆ ಅಂಗೈಯಲ್ಲಿ ಉಜ್ಜಿದರೆ ತಕ್ಷಣ ಹಾಲಾಗುತ್ತದೆ. ಹಚ್ಚಿದ ಕೂಡಲೇ ಗೆರೆ ಕಾಣುವುದಿಲ್ಲ, ಒಂದು ನಿಮಿಷ ಬಿಟ್ಟು ಆರಿದ ಮೇಲೆ ಮೂಡುತ್ತದೆ. ಮೊದಲ ಸಲ ಕೊಂಡವರು ಇದನ್ನೇ ಕಳಪೆ ಎಂದು ತಿಳಿದು ಮತ್ತೆ ಮತ್ತೆ ಬಳಿದುಕೊಳ್ಳುತ್ತಾರೆ. ಕಾಯಬೇಕು.

ಹಳ್ಳಿಯ ಬೂದು ಉಂಡೆ: ಇದು ನಮಗೆ ಎಲ್ಲಕ್ಕಿಂತ ಇಷ್ಟ, ಎಚ್ಚರವೂ ಇದಕ್ಕೇ ಹೆಚ್ಚು ಬೇಕು. ಸಗಣಿಯದೇ ಬೂದಿ ಎಂಬುದರಲ್ಲಿ ಸಾಮಾನ್ಯವಾಗಿ ಸಂಶಯವಿರದು. ಆದರೆ ಒಂದೇ ಸಲ ಸುಟ್ಟದ್ದು, ತೊಳೆಯದೇ ಇದ್ದದ್ದು ಹೆಚ್ಚು. ಮೂಸಿ ನೋಡಿ, ಹೊಗೆವಾಸನೆ ಇದ್ದರೆ ಇದ್ದಿಲು ಉಳಿದಿದೆ. ಎರಡು ಬೆರಳ ನಡುವೆ ಹೊಸಕಿ, ಹರಳು ಸಿಕ್ಕರೆ ಬಟ್ಟೆಶೋಧನೆ ಆಗಿಲ್ಲ. ಗಂಗಾವತಿ, ಸಿರುಗುಪ್ಪದ ನೀರಾವರಿ ಊರುಗಳಲ್ಲಿ ದನಗಳಿಗೆ ಭತ್ತದ ಹುಲ್ಲೇ ಮೇವು. ಆ ಹುಲ್ಲಲ್ಲಿ ಸಿಲಿಕಾ ಜಾಸ್ತಿ, ಬೂದಿಯೂ ಜಾಸ್ತಿ ಬರುತ್ತದೆ. ಎರೆಭೂಮಿಯ ಜೋಳದ ಕಣಿಕೆ ತಿಂದ ದನದ ಬೂದಿ ಪ್ರಮಾಣದಲ್ಲಿ ಕಡಿಮೆ. ಊರು ಬದಲಾದಂತೆ ಉಂಡೆಯ ಬಣ್ಣ, ತೂಕ ಬದಲಾಗುವುದು ಇದರಿಂದ, ಅದನ್ನು ಮೋಸ ಎಂದು ಎಣಿಸಬೇಡಿ. ಮಾರುವವರಿಗೆ ಎರಡೇ ಪ್ರಶ್ನೆ ಕೇಳಿ: ಎಷ್ಟು ಸಲ ಸುಟ್ಟಿರಿ, ಎಷ್ಟು ನೀರು ಚೆಲ್ಲಿದಿರಿ. ಮಾಡಿದವರೇ ಆಗಿದ್ದರೆ ಉತ್ತರ ಥಟ್ಟನೆ ಬರುತ್ತದೆ, ಕೆಲವೊಮ್ಮೆ ಸಾಕು ಎನ್ನುವಷ್ಟು ಉದ್ದವಾಗಿ.

ಬಳಸುವವರಿಗೆ ಒಂದೆರಡು ಮಾತು. ಒಣಪುಡಿಯನ್ನು ಮೈಗೆ ಸವರುವುದು ಉದ್ಧೂಳನ, ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆಯುವುದು ತ್ರಿಪುಂಡ್ರ. ನುಣ್ಣನೆ ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಉದ್ಧೂಳನ ಮಾಡುವವರು ಬಾಗಿಲು ಕಿಟಕಿ ತೆರೆದು, ಕುಟ್ಟಿ ಜರಡಿ ಹಿಡಿಯುವವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಮಾಡಬೇಕು. ದಮ್ಮು ಇದ್ದವರು ತ್ರಿಪುಂಡ್ರಕ್ಕೇ ನಿಲ್ಲುವುದು ಲೇಸು. ಬೂದಿ ಎಲ್ಲ ಒಂದೇ ಎಂದುಕೊಂಡು ಕಂಡಕಂಡದ್ದನ್ನು ಹಚ್ಚುವುದೂ ಬೇಡ. ಬೂದಿದಿಬ್ಬದ ಕುಡತಿನಿಯಲ್ಲೇ ಉಷ್ಣ ವಿದ್ಯುತ್ ಸ್ಥಾವರವೂ ಇದೆ, ಅದರ ಹಾರುಬೂದಿ ನೋಡಲು ಇಷ್ಟೇ ನುಣುಪು, ಇದೇ ಬಣ್ಣ. ಕಲ್ಲಿದ್ದಲಿನ ಬೂದಿ ಇಟ್ಟಿಗೆಗೆ, ಸಿಮೆಂಟಿಗೆ, ಮೈಗಲ್ಲ. ಹಾಗೆಯೇ ಪ್ರಾಚೀನ ದಿಬ್ಬದಿಂದ ಪವಿತ್ರ ಎಂದು ಒಂದು ಚೂರನ್ನೂ ಎತ್ತಿ ತರಬೇಡಿ. ಪದರ ಕದಡಿದರೆ ಆ ಜನ ಬಿಟ್ಟುಹೋದ ದಾಖಲೆಯನ್ನೇ ಕದಡಿದಂತೆ.

ಗಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಮಳೆಗಾಲದ ಪಸೆ ಒಳಗೇ ನಿಂತು ಮೆತ್ತಗಾಗುತ್ತದೆ. ಮಣ್ಣಿನ ಇಲ್ಲವೇ ಕಟ್ಟಿಗೆಯ ಡಬ್ಬಿ, ಅಡಿಗೆ ಹತ್ತಿಬಟ್ಟೆ. ಒಡೆದ ಚೂರು, ಡಬ್ಬಿಯ ತಳದ ಪುಡಿ ಚೆಲ್ಲುವಂಥದ್ದಲ್ಲ. ವರ್ಷವಿಡೀ ಕೂಡಿಟ್ಟು, ಬಟ್ಟೆಯಲ್ಲಿ ಶೋಧಿಸಿ, ಗೋಮೂತ್ರದಲ್ಲಿ ಉಂಡೆ ಕಟ್ಟಿ, ಮುಂದಿನ ಕುಳ್ಳಿನ ಗೂಡಿನ ನಡುವೆ ಇಟ್ಟರೆ ಮತ್ತೊಮ್ಮೆ ಬೆಂದು ಮೊದಲಿಗಿಂತ ಬೆಳ್ಳಗೆ ಬರುತ್ತದೆ. ಶಾಸ್ತ್ರ ಉಪಕಲ್ಪಕ್ಕೆ ಹೇಳಿದ ಕ್ರಮವೂ ಇದೇ.